ನನ್ನ ಮುದಿ ಕಾವಲುಗಾರ

ಅಹಮದಾಬಾದಿನ ನವರಂಗಪುರದಲ್ಲಿ ನನ್ನ ಕಾಲೇಜು ಗೆಳತಿಯ ತಂದೆಯದೊಂದು ಉಡುಪಿ ಹೋಟೆಲಿತ್ತು. ಭಾನುವಾರ ಮಧ್ಯಾಹ್ನ ಅದರ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಪಾತ್ರದ ಆಟ ಆಡುತ್ತಿದ್ದೆವು. ಗೆಳತಿ ಕಥೆ ನಡೆಸುವಳು. ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳಬೇಕು. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಡೈಸ್ ತೀರ್ಮಾನಿಸುತ್ತಿತ್ತು.

ನನ್ನ ಪಾತ್ರ ಕೋಟೆಯ ಮುದಿ ಕಾವಲುಗಾರ. ಕೋಲಿನಿಂದ ತಟ್ಟಿ ನೋಡದೆ ಒಂದು ಮೆಟ್ಟಿಲನ್ನೂ ಹತ್ತುವವನಲ್ಲ. ಉಳಿದವರಿಗೆ ತಲೆಚಿಟ್ಟು ಹಿಡಿಯುತ್ತಿತ್ತು.

"ಇಂಥ ಪುಕ್ಕಲ ಮನೆಯಲ್ಲೇ ಕೂರ್ಬೇಕಿತ್ತು ಮಾರಾಯ್ತಿ. ಇಂಥವ ಕೋಟೆ ಕಾಯ್ತಾನೆ ಅಂದ್ರೆ ನಂಬ್ಲಿಕ್ಕೇ ಆಗುದಿಲ್ಲ" ಎಂದು ಗೆಳತಿ ರೇಗಿಸುವಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಚ್ಚರಿಕೆಯವನೆಂದರೆ ಓಡಿಹೋಗುವವನು ಎಂದುಕೊಂಡವರಿಗೆ ಅಂಥವರ ಜೊತೆ ಬಾಳಿ ಗೊತ್ತಿಲ್ಲ. ಆ ಮುದುಕನ ಪಾತ್ರವನ್ನು ನಾನು ರೂಪಿಸಿದ್ದು ನನ್ನ ಅಪ್ಪನನ್ನು ನೋಡಿ.

ಅಪ್ಪ ಬ್ಯಾಂಕಿನಲ್ಲಿದ್ದ, ಧಾರವಾಡದಿಂದ ವರ್ಗವಾಗಿ ಅಹಮದಾಬಾದಿಗೆ ಬಂದಿದ್ದ. ಆಟೋ ಹತ್ತಿದ ಮೇಲೂ ಇಳಿದುಹೋಗಿ ಮನೆಯ ಬೀಗ ಜಗ್ಗಿ ನೋಡಿ ಬರುತ್ತಿದ್ದ. ೨೦೦೧ರಲ್ಲಿ ಭೂಕಂಪವಾದ ಬೆಳಿಗ್ಗೆ ಅವ್ವನನ್ನೂ ನನ್ನನ್ನೂ ಮೂರನೆಯ ಮಹಡಿಯಿಂದ ಕೆಳಗೆ ಎಳೆದುಕೊಂಡು ಬಂದವನು ಅವನೇ. ಬಯಲಿಗೆ ಬಂದು ನಿಂತ ಮೇಲೆ ಅವನಿಗೆ ನೆನಪಾಯಿತು.

"ಹಾಲು ಒಲಿ ಮ್ಯಾಲೆ ಅದ. ಗ್ಯಾಸ್ ಬಂದ್ ಮಾಡಿ ಬರ್ತೀನಿ, ಇಲ್ಲಂದ್ರ ಇಡೀ ಬಿಲ್ಡಿಂಗ್ ಉರೀತದ. ನೀವು ಇಲ್ಲೇ ನಿಲ್ರಿ."

ನಾವು ತಡೆಯಲಿಲ್ಲ. ಅಪ್ಪ ಹೀಗೆ ವಾಪಸ್ ಹೋಗುವುದು ನಮಗೆ ದಿನಾ ಇದ್ದದ್ದೇ. ಅವನು ಒಳಗಿರುವಾಗಲೇ ಕಟ್ಟಡ ಕುಸಿಯಿತು.

ಎಷ್ಟೋ ತಿಂಗಳ ಮೇಲೆ ಗೆಳತಿ ಒತ್ತಾಯ ಮಾಡಿ ಮತ್ತೆ ಆಟಕ್ಕೆ ಕೂರಿಸಿದಳು. ಕಥೆಯಲ್ಲಿ ಕೋಟೆಗೆ ಬೆಂಕಿ ಬಿತ್ತು. ನಮ್ಮ ಪಾತ್ರಗಳೆಲ್ಲ ಹೇಗೋ ಹೊರಗೆ ಬಂದವು. ಆದರೆ ಎಣ್ಣೆ ತುಂಬಿಟ್ಟ ಕೋಣೆಯ ಬಾಗಿಲು ತೆರೆದೇ ಉಳಿದಿತ್ತು.

"ಮುದುಕ ಹೊಳೀ ಕಡೆ ಓಡ್ತಾನ" ಎಂದೆ. ಇವನನ್ನಾದರೂ ಉಳಿಸಿಕೊಳ್ಳಬೇಕಿತ್ತು ನನಗೆ.

ಯಾರೂ ತಕರಾರು ಮಾಡಲಿಲ್ಲ. ನಂಬಿಕೆ ಬಾರದಿದ್ದದ್ದು ನನಗೇ. ಅಷ್ಟು ಎಚ್ಚರಿಕೆಯವನು ಬಾಗಿಲು ತೆರೆದಿಟ್ಟು ಓಡುವುದುಂಟೇ?

"ಇಲ್ಲ. ಬಾಗ್ಲಾ ಹಾಕಾಕ ವಾಪಸ್ ಹೋಗ್ತಾನ" ಎಂದೆ.

ಗೆಳತಿ ಡೈಸನ್ನು ನನ್ನ ಮುಂದಿನಿಂದ ಎತ್ತಿಕೊಂಡು ಮುಷ್ಟಿಯಲ್ಲಿ ಮುಚ್ಚಿದಳು.

"ಅವ ಹೋಗುದಿಲ್ಲ. ನಾವೆಲ್ಲ ಅವನ ಕೈ ಹಿಡ್ಕೊಂಡಿದ್ದೇವೆ."

ನಾನು ಜೋರಾಗಿ ಅತ್ತುಬಿಟ್ಟೆ.

"ಗಟ್ಟಿ ಹಿಡೀರಿ" ಎಂದೆ. "ಅಂವ ಬಿಡಿಸ್ಕೊಂಡು ಹೋಗ್ತಾನ."