ಮೇನ್ ಸ್ವಿಚ್ಚಿನ ಪಾಠ

ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಯ ಹೊರಗೇ ಚಪ್ಪಲಿ ಬಿಡಬೇಕಿತ್ತು. ಧೂಳು ಒಳಗೆ ಬಂದರೆ ಯಂತ್ರಗಳು ಕೆಡುತ್ತವೆ ಎನ್ನುತ್ತಿದ್ದರು. ಪಾಠ ಹೇಳುವ ಮೇಷ್ಟ್ರು ಕೂಡ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ಓಡಾಡುತ್ತಿದ್ದರು. ಅವರು ಯಾವಾಗ ನಮ್ಮ ಬೆನ್ನ ಹಿಂದೆ ಬಂದು ನಿಂತರು, ಯಾವಾಗ ಬಾಗಿಲ ಕಡೆ ಹೋದರು ಎಂಬುದು ಕೇಳಿಸುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಬಿ.ಕಾಂ. ಎರಡನೇ ವರ್ಷದಲ್ಲಿ ನಮಗೆ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಪಾಠವಿತ್ತು. ಸಂಬಳದ ಪಟ್ಟಿ, ಗೋದಾಮಿನ ಸರಕು, ಇಂಥ ವ್ಯಾಪಾರದ ಕೆಲಸಗಳನ್ನು ಯಂತ್ರದಿಂದ ಮಾಡಿಸುವ ಪ್ರೋಗ್ರಾಂ ಬರೆಯಬೇಕು. ಇಬ್ಬರಿಗೊಂದು ಕಂಪ್ಯೂಟರ್. ನನ್ನ ಜೊತೆಗಾತಿ ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯವರದು ರೇಷ್ಮೆ ಸೀರೆ ವ್ಯಾಪಾರ. ತಂದೆ ಹಾಸಿಗೆ ಹಿಡಿದ ಮೇಲೆ ಅಣ್ಣನ ಮಾತೇ ಮಾತು. ಒಂದು ವಿಷಯದಲ್ಲಿ ಫೇಲಾದರೂ ಓದು ಅಲ್ಲಿಗೇ ನಿಂತಿತು ಎಂದು ಅಣ್ಣ ಮೊದಲೇ ಹೇಳಿದ್ದ. ಅವಳು ಅದನ್ನು ನನಗೆ ನಗುತ್ತಲೇ ಹೇಳಿದ್ದಳು: "ಪಾಸಾಗ್ತಾ ಇರೋತನಕ ಬಸ್ಸು ಐತೆ ಕಣೇ. ಫೇಲಾದ್ರೆ ಒಲೆ ಐತೆ."

ಆಗ ಊರಿನಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದರೆ ಟೈಪು ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಆಗಾಗ ಎರಡು ಗುಂಡಿ ಒತ್ತಿ ಬರೆದದ್ದನ್ನು ಫ್ಲಾಪಿ ಎಂಬ ಚೌಕದ ಡಿಸ್ಕಿಗೆ ಸೇರಿಸಬೇಕು. ಅದಕ್ಕೆ ನಾವು ಸೇವ್ ಮಾಡುವುದು ಎನ್ನುತ್ತಿದ್ದೆವು. ಗುಂಡಿ ಒತ್ತಿದ ಮೇಲೆ ಫ್ಲಾಪಿ ಕರಕರ ಎನ್ನುತ್ತಿತ್ತು, ಕೆಂಪು ದೀಪ ಹತ್ತುತ್ತಿತ್ತು. ದೀಪ ಆರುವವರೆಗೆ ಸುಮ್ಮನೆ ಕಾಯಬೇಕು. ಹೊಸಬರು ಇದನ್ನು ಮರೆಯುತ್ತಾರೆ. ಮರೆಯಬಾರದೆಂದು ಮೇಷ್ಟ್ರು ಒಂದು ಪದ್ಧತಿ ಮಾಡಿಕೊಂಡಿದ್ದರು. ಎಲ್ಲರೂ ಟೈಪು ಮಾಡುವುದರಲ್ಲಿ ಮುಳುಗಿದ್ದಾಗ ಸದ್ದಿಲ್ಲದೆ ಬಾಗಿಲ ಬಳಿ ಹೋಗಿ, ಗೋಡೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದುಬಿಡುತ್ತಿದ್ದರು.

ಒಂದು ದಿನ ಟೈಪು ಮಾಡುವ ಸರದಿ ನನ್ನ ಜೊತೆಗಾತಿಯದು; ಸಂಬಳದ ಪಟ್ಟಿಯ ಪ್ರೋಗ್ರಾಂ ಮುಗಿಯಲು ಒಂದೆರಡು ಸಾಲು ಉಳಿದಿದ್ದವು. ಪರದೆ ಕಪ್ಪಾಯಿತು. ಅವಳ ಬೆರಳು ಗುಂಡಿಗಳ ಮೇಲೇ ಇತ್ತು.

"ಏನವ್ವಾ, ಸೇವ್ ಮಾಡಿದ್ಯಾ?"

"ಇಲ್ಲ ಸಾರ್."

"ಎಣ್ಣೆ ಗಿರಣಿ ಹಮಾಲರು ಸಂಬಳಕ್ಕೆ ಸಾಲು ನಿಂತವ್ರೆ ಅಂತ ತಿಳ್ಕೋ. ಕರೆಂಟು ಹೋಯ್ತು. ಏನ್ ಮಾಡ್ತೀಯ? ಅವರ ಮುಂದೆ ಕೂತ್ಕೊಂಡು ಅಳ್ತೀಯಾ?"

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ: "ಲೇ, ಮೊಳಕಾಲ್ಮೂರು ಸೀರೆನ ಸೆರಗು ನೇಯೋ ಮುಂಚೆನೇ ಮಗ್ಗದಿಂದ ಕುಯ್ದುಬಿಟ್ರಲ್ಲೋ!"

ಎಲ್ಲರೂ ನಕ್ಕರು. ಮೇಷ್ಟ್ರಿಗೂ ಆ ಮಾತು ಹಿಡಿಸಿತು. ಅವಳನ್ನು ಎಬ್ಬಿಸಿ ಸ್ವಿಚ್ಚಿನ ಪಕ್ಕ ನಿಲ್ಲಿಸಿದರು. ತರಗತಿ ಮುಗಿಯುವ ತನಕ ಅಲ್ಲೇ ನಿಂತಿರಬೇಕು, ಯಾರು ಬಂದು ಕೇಳಿದರೂ ತಾನು ಮಾಡಿದ ತಪ್ಪೇನೆಂದು ಹೇಳಬೇಕು. ನೀರಿನ ಬಿಂದಿಗೆ ತಂದಿಟ್ಟ ಆಯಾ ಕೂಡ "ಏನ್ ಮಾಡ್ದೆ ತಾಯಿ?" ಎಂದು ಕೇಳಿದಳು. ಜೊತೆಗಾತಿ ಅವಳಿಗೂ ತಪ್ಪೇನೆಂದು ಹೇಳಿದಳು.

ಆಮೇಲೆ ಅವಳು ಟೈಪು ಮಾಡುವ ರೀತಿಯೇ ಬದಲಾಯಿತು. ಒಂದು ಸಾಲು ಬರೆಯುವುದು, ಸೇವ್ ಮಾಡುವುದು, ದೀಪ ಆರುವವರೆಗೆ ಕಾಯುವುದು, ತಿರುಗಿ ಬಾಗಿಲ ಕಡೆ ನೋಡುವುದು, ಮುಂದಿನ ಸಾಲು.

"ಇಷ್ಟು ಬೇಡ ಕಣೇ, ಐದಾರು ಸಾಲಿಗೊಂದು ಸಲ ಸಾಕು," ಎಂದೆ.

"ನಿಂಗೇನು, ನಿನ್ನ ಅಲ್ಲಿ ನಿಲ್ಸಿಲ್ಲ."

ಮೇಷ್ಟ್ರು ಅವಳನ್ನು ಬೇರೆಯವರಿಗೆ ತೋರಿಸಿ ಹೊಗಳುತ್ತಿದ್ದರು. "ನೋಡ್ರಲೇ, ಹಿಂಗಿರಬೇಕು ಭಯ."

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಒಬ್ಬೊಬ್ಬರಿಗೆ ಒಂದೊಂದು ಯಂತ್ರ. ನಾನು ಅವಳ ಪಕ್ಕದ ಯಂತ್ರದಲ್ಲಿದ್ದೆ. ಬೇರೆ ಊರಿನಿಂದ ಬಂದ ಪರೀಕ್ಷಕರು ಕಿಟಕಿ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು. ಅವಳಿಗೆ ಬಂದದ್ದು ಸಂಬಳದ ಪಟ್ಟಿಯೇ. ಅವಳಿಗೆ ಅದು ಕಂಠಪಾಠವಾಗಿತ್ತು; ಬಸ್ ಸ್ಟ್ಯಾಂಡಿನಲ್ಲಿ ನಿಂತು ನನಗೆ ಒಪ್ಪಿಸಿದ್ದಳು.

ನಾನು ಕೇಳಿಸಿಕೊಂಡದ್ದು ಫ್ಲಾಪಿಯ ಸದ್ದು. ಕರಕರ, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕರಕರ. ಒಂದು ಸಾಲಿಗೂ ಅವಳು ಸೇವ್ ಮಾಡುವುದನ್ನು ಬಿಡಲಿಲ್ಲ. ಮೇಷ್ಟ್ರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಅವರು ನಿಂತ ಜಾಗವನ್ನು ಅವಳು ಪ್ರತಿ ಸಾಲಿಗೂ ತಿರುಗಿ ನೋಡಿದಳು. ನನ್ನ ಪ್ರೋಗ್ರಾಂ ನಡೆದು ಉತ್ತರ ತೋರಿಸಿದಾಗ ಅವಳು ಇನ್ನೂ ಸಂಬಳದ ವಿವರಗಳನ್ನು ಬರೆಯುತ್ತಿದ್ದಳು. ಲೆಕ್ಕ ಮಾಡುವ ಭಾಗ ಶುರುವಾಗಿರಲಿಲ್ಲ. ನಾನು ಬೆರಳಿನಿಂದ ಮೇಜು ತಟ್ಟಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

ಸಮಯ ಮುಗಿಯುತ್ತಾ ಬಂದಾಗ ಪರೀಕ್ಷಕರು ಎದ್ದು ಬಂದು ಅವಳ ಪರದೆ ನೋಡಿದರು. "ಏನ್ರೀ ಇದು, ಅರ್ಧವೂ ಆಗಿಲ್ಲವಲ್ಲ?"

"ಆದದ್ದಷ್ಟು ಭದ್ರವಾಗೈತೆ ಸಾರ್," ಎಂದರು ನಮ್ಮ ಮೇಷ್ಟ್ರು. ಇಬ್ಬರೂ ನಕ್ಕರು.

ಪರೀಕ್ಷೆ ಮುಗಿಯುವವರೆಗೂ ಕರೆಂಟು ಹೋಗಲಿಲ್ಲ. ಮೇಷ್ಟ್ರೂ ಸ್ವಿಚ್ಚು ಮುಟ್ಟಲಿಲ್ಲ.

ಫಲಿತಾಂಶ ಬಂದ ಮೇಲೆ ಅವಳ ಅಣ್ಣ ಅವಳನ್ನು ಕಾಲೇಜು ಬಿಡಿಸಿ ಟಿ.ಸಿ. ತೆಗೆದುಕೊಂಡು ಹೋಗಲು ಬಂದ. ಅವಳು ಫೇಲಾದದ್ದು ಕೋಬಾಲ್ ಒಂದರಲ್ಲೇ; ಉಳಿದ ಎಲ್ಲ ವಿಷಯಗಳಲ್ಲಿ ಪಾಸಾಗಿದ್ದಳು. ಅವಳನ್ನೂ ಕರೆತಂದಿದ್ದ, ಸಹಿ ಹಾಕಬೇಕಿತ್ತು. ಗೇಟಿನ ಹತ್ತಿರ ನನ್ನನ್ನು ಕಂಡು ನಿಂತ. ಅವಳು ಅವನ ಹಿಂದೆ ನೆಲ ನೋಡುತ್ತಾ ನಿಂತಿದ್ದಳು.

"ಪಕ್ಕದಾಗೆ ಕುಂತಿದ್ದೋಳು ನೀನೇ ಏನಮ್ಮಾ?"

"ಹೌದಣ್ಣ."

"ಆವತ್ತು ಕರೆಂಟು ಹೋಗಿತ್ತಾ? ಹೋಗಿದ್ರೆ ಹೇಳು. ಕರೆಂಟಿನ ತಪ್ಪಾದ್ರೆ ಇನ್ನೊಂದು ಸಲ ಕುಂದ್ರಿಸ್ತೀನಿ. ಇವಳು ಬಾಯಿ ಬಿಡವಲ್ಲಳು."

ನಾನು ಅವಳ ಮುಖ ನೋಡಿದೆ. ಅವಳು ತಲೆ ಎತ್ತಿ, "ಹೋಗಿರಲಿಲ್ಲಣ್ಣ," ಎಂದು ತಾನೇ ಹೇಳಿಬಿಟ್ಟಳು.

"ಕರೆಂಟು ಹೋಗಿರಲಿಲ್ಲ ನಿಜ ಅಣ್ಣ, ಆದ್ರೆ ಆ ಸ್ವಿಚ್ಚು..." ಎಂದು ನಾನು ಶುರು ಮಾಡಿದೆ.

"ಕರೆಂಟೂ ಇತ್ತು, ಮಿಷಿನ್ನೂ ಇತ್ತು," ಎಂದ ಅವನು. "ಮತ್ತೆ ಇನ್ನೇನಮ್ಮಾ ಆದ್ರೆ?"

ಸ್ವಿಚ್ಚಿನ ವಿಷಯವನ್ನು ನಾನು ಮೊದಲಿನಿಂದ ಹೇಳತೊಡಗಿದೆ. ನನ್ನ ಮಾತು ಕೋಣೆಯ ಹೊರಗೆ ಚಪ್ಪಲಿ ಬಿಡುವ ವಿಷಯಕ್ಕೆ ಬರುವಷ್ಟರಲ್ಲಿ ಅವನು ರಸ್ತೆ ದಾಟಿದ್ದ. ಅವಳು ಅವನ ಹಿಂದೆ ಹೋದಳು. ಮೊಳಕಾಲ್ಮೂರಿನ ಬಸ್ಸು ಆಗಲೇ ಬಂದು ನಿಂತಿತ್ತು.