ಮೇಲಿನ ಮನೆಯ ಅಕ್ಕನಿಗೆ ಇಂಗ್ಲಿಷ್ ಬರುತ್ತಿತ್ತು

ಹೋದ ವಾರ ಸೂರತ್ತಿನ ಅಡಾಜಣ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವ ಕಿರಾಣಿ ಅಂಗಡಿಯವನು ಇಂಗಿನ ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ಒಳ್ಳೆಯ ಮಾಲು, ವಾಸನೆ ನೋಡಿ ಎಂದ. ಬೇರೆಯವರಿಗೆ ಇಂಗಿನ ವಾಸನೆಗೆ ಸಾರು ನೆನಪಾಗುತ್ತದೆ. ನನಗೆ ನೆನಪಾಗುವುದು ಇಂಗ್ಲಿಷ್ ನಿಘಂಟು. ಅದರ ಬೆನ್ನಿಗೇ ಸಿಟ್ಟು. ಅರವತ್ತು ವರ್ಷದ ಹಳೆಯ ಸಿಟ್ಟು, ಇಷ್ಟರಲ್ಲಿ ಆರಿಹೋಗಬೇಕಿತ್ತು... ಆರಿಲ್ಲ. ಇಂಗು ಕೊಳ್ಳದೆಯೇ ಮೇಲೆ ಬಂದೆ.

ಆ ನಿಘಂಟು ನಮ್ಮ ಮೇಲಿನ ಮನೆಯ ಅಕ್ಕನದು. ವಡೋದರಾದಲ್ಲಿ ಸರಕಾರಿ ಕಾರ್ಖಾನೆಯೊಂದರ ಕಾಲನಿ. ಕೆಳಗೆ ಅಪ್ಪ, ಅವ್ವ, ನಾನು. ಮೇಲೆ ಅವರು. ನನ್ನಪ್ಪ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಕ್ಕನ ಗಂಡ ಅದೇ ವಿಭಾಗದ ದೊಡ್ಡ ಅಧಿಕಾರಿ. ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಇವತ್ತು ಬಹುವಚನದಲ್ಲಿ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಸಾಹೇಬ ಎಂದರೆ ಸಾಕು. ಅಕ್ಕ ತಮ್ಮ ನಿಘಂಟನ್ನು ಅಡಿಗೆಮನೆಯ ಗೂಡಿನಲ್ಲಿ, ತೊಗರಿಬೇಳೆ ಡಬ್ಬಿಯ ಹಿಂದೆ, ಇಂಗಿನ ಭರಣಿಗೆ ಒರಗಿಸಿ ಇಡುತ್ತಿದ್ದರು. ಸಾಹೇಬ ಅಡಿಗೆಮನೆಗೆ ಕಾಲಿಡುವವನಲ್ಲ. ಆ ಮನೆಯಲ್ಲಿ ಪುಸ್ತಕಕ್ಕೆ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ನಾನು ಗದಗಿನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಮೆಟ್ರಿಕ್‌ವರೆಗೆ ಎಲ್ಲವೂ ಕನ್ನಡದಲ್ಲಿ. ಅರವತ್ತರ ದಶಕದ ನಡುವೆ ಅಜ್ಜಿ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ವಡೋದರಾಕ್ಕೆ ಕರೆತಂದು ಕಾಲೇಜಿಗೆ ಸೇರಿಸಿದರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಹರಟೆಯೆಲ್ಲ ಗುಜರಾತಿಯಲ್ಲಿ. ನನಗೆ ಎರಡೂ ಬಾರದು. ಏನು ಕೇಳಿದರೂ ತಲೆ ಆಡಿಸುತ್ತಿದ್ದೆ. ಒಂದು ದಿನ ಇಂಗ್ಲಿಷ್ ಮೇಷ್ಟರು ಒಂದು ಪ್ಯಾರಾ ಓದಿಸಿ, ಅರ್ಥವಾಯಿತೇ ಎಂದರು. ಆಯಿತು ಎಂದು ತಲೆ ಆಡಿಸಿದೆ. ಹಾಗಾದರೆ ‘ರಿಲಕ್ಟಂಟ್’ ಎಂದರೇನು ಹೇಳು ಎಂದರು. ನಿಂತೇ ಇದ್ದೆ. ಅವರು ಬೈಯಲಿಲ್ಲ. ಮೊದಲ ಬೆಂಚಿನ ಕಡೆ ತಿರುಗಿ ನಕ್ಕು, ‘ಬೇಸಿ ಜಾ, ಬೇನ್’ ಎಂದರು, ಕೂತುಕೋ ತಂಗಿ ಅಂತ. ಇಡೀ ತರಗತಿ ನಕ್ಕಿತು. ಬೈದಿದ್ದರೆ ಮರೆಯುತ್ತಿದ್ದೆ.

ಆ ಹಟಕ್ಕೆ ಕಾಲೇಜಿನ ಲೈಬ್ರರಿಯ ನಿಘಂಟನ್ನು ಮೊದಲ ಪುಟದಿಂದ ಉರುಹೊಡೆಯತೊಡಗಿದೆ. ದಿನಕ್ಕೆ ಹತ್ತು ಪದ, ಚೀಟಿಯಲ್ಲಿ ಬರೆದುಕೊಂಡು ಬಂದು, ಮಹಡಿ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಿದ್ದೆ. ಒಣಗಿದ ಬಟ್ಟೆ ತೆಗೆದುಕೊಂಡು ಇಳಿದು ಬರುತ್ತಿದ್ದ ಅಕ್ಕ ನನ್ನ ಹಿಂದೆ ನಿಂತು ಎಷ್ಟು ಹೊತ್ತು ಕೇಳಿಸಿಕೊಂಡರೋ.

“ಇದೇನೇ ಇದು, ಮಂತ್ರಾನಾ?” ಎಂದರು.

ನಾನು ಹೇಳಿದೆ. ಅವರು ಚೀಟಿ ಕಿತ್ತುಕೊಂಡು ‘ಅಬೇಟ್’ ಎಂಬುದರ ಮೇಲೆ ಬೆರಳಿಟ್ಟು, ಇದನ್ನಿಟ್ಟುಕೊಂಡು ಏನಾದರೂ ಮಾತಾಡು ಎಂದರು. ಆಗಲಿಲ್ಲ. ಅವರಿಗೆ ನಿಜವಾಗಿ ಕೋಪ ಬಂತು. ಆ ಹೆಂಗಸಿಗೆ ಕೋಪ ಬಂದರೆ ಧ್ವನಿ ಸಣ್ಣದಾಗುತ್ತಿತ್ತು. ನಾಳೆ ಮೂರು ಗಂಟೆಗೆ ಮೇಲೆ ಬಾ, ಸ್ಲೇಟು ಗೀಟು ಏನೂ ತರಬೇಡ ಎಂದು ಹೇಳಿ ಹೋದರು.

ಹೀಗೆ ಆ ಅಡಿಗೆಮನೆಯಲ್ಲಿ ನನ್ನ ಓದು ಶುರುವಾಯಿತು. ಅಕ್ಕ ಕಾಫಿ ಬೀಜ ಹುರಿಯುತ್ತಲೋ ತರಕಾರಿ ಹೆಚ್ಚುತ್ತಲೋ ಇರುತ್ತಿದ್ದರು. ನನ್ನ ಮುಂದೆ ಹಿಂದಿನ ದಿನದ ಇಂಗ್ಲಿಷ್ ಪೇಪರು. ಒಂದು ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲದೆ ಓದಬೇಕು. ಗೊತ್ತಿಲ್ಲದ ಪದ ಬಂದರೆ ದಾಟಿಕೊಂಡು ಹೋಗಬೇಕು. ಆಮೇಲೆ ಪೇಪರ್ ಮಡಿಸಿ, ಯಾರು ಏನು ಮಾಡಿದರು ಎಂದು ಕನ್ನಡದಲ್ಲಿ ಹೇಳಬೇಕು. ಮತ್ತೆ ಓದಿ, ಯಾವ ಪದ ಸಿಗದಿದ್ದರೆ ಸುದ್ದಿಯೇ ಸಿಗುವುದಿಲ್ಲವೋ ಅದಕ್ಕೆ ಮಾತ್ರ ಗೆರೆ. ಅರ್ಥ ಏನಿರಬಹುದೆಂದು ಮೊದಲು ಊಹಿಸಬೇಕು. ಅದು ತಪ್ಪಾದರೂ ಬೈಗುಳವಿಲ್ಲ. ಊಹಿಸದಿದ್ದರೆ ಮಾತ್ರ ಬೈಗುಳ. ಎಲ್ಲ ಆದ ಮೇಲೆಯೇ ಬೇಳೆ ಡಬ್ಬಿ ಸರಿಯುತ್ತಿದ್ದದ್ದು.

“ಗೊತ್ತಾಗದೆ ಇದ್ರೆ ಗೊತ್ತಾಗಲಿಲ್ಲ ಅನ್ನು. ತಲೆ ಮಾತ್ರ ಆಡಿಸಬೇಡ. ತಲೆ ಆಡಿಸಿ ಆಡಿಸಿ ನಾನು ಎಲ್ಲಿಗೆ ಬಂದೆ ನೋಡು.”

ಕೊನೆಗೆ ಆ ಪದವಿಟ್ಟು ಒಂದು ವಾಕ್ಯ ಬರೆಯಬೇಕು. ಅದು ನನಗೆ ನಿಜವಾಗಿ ಆದದ್ದಾಗಿರಬೇಕು. ಸುಳ್ಳು ವಾಕ್ಯದಲ್ಲಿ ಪದ ನಿಲ್ಲುವುದಿಲ್ಲ ಎನ್ನುತ್ತಿದ್ದರು. ನಾನು ಮೊದಲು ಬರೆದದ್ದು ‘ರಿಲಕ್ಟಂಟ್’ಗೆ. ಸಾಹೇಬರ ಎದುರು ಬಾಯಿ ತೆರೆಯಲು ನನ್ನ ಅಪ್ಪನಿಗೆ ಮನಸ್ಸು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಅಕ್ಕ ನಗಲಿಲ್ಲ. ನನ್ನನ್ನೊಮ್ಮೆ ನೋಡಿ, ಇದು ವಾಕ್ಯ ಎಂದರು.

ಮೈಸೂರಿನಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದಾಗ ಅಕ್ಕನ ಮದುವೆಯಾಗಿತ್ತು. ಓದು ಮುಂದುವರಿಸಲಿ, ಅದಕ್ಕೇನು ಎಂದು ಸಾಹೇಬ ಮದುವೆಗೆ ಮುಂಚೆ ಹೇಳಿದ್ದನಂತೆ. ಮದುವೆಯಾದ ಮೇಲೆ, ಈಗ ಯಾಕೆ ಎಂದ. ಆತನ ಇಂಗ್ಲಿಷಿಗೆ ಕಾಲನಿಯಲ್ಲಿ ದೊಡ್ಡ ಹೆಸರು. ಮನೆಗೆ ಬಂದವರ ಮುಂದೆ ಅಕ್ಕ ಒಂದು ಇಂಗ್ಲಿಷ್ ಪದ ಆಡಿದರೆ ಸಾಕು, ಬಾಯಿಂದ ಬೀಳುವ ಮೊದಲೇ ತಿದ್ದುತ್ತಿದ್ದ. ಎಲ್ಲರೂ ನಗುತ್ತಿದ್ದರು, ನನ್ನಪ್ಪನೂ. ಆಮೇಲಾಮೇಲೆ ಅಕ್ಕ ಕಾಫಿ ಲೋಟ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು. ಅವರಿಗೆ ಬರುವುದಿಲ್ಲ ಎಂದೇ ಊರೆಲ್ಲ ತಿಳಿದುಕೊಂಡಿತು.

ನಾನು ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ಪೇಪರ್ ಬಿಟ್ಟು ಪುಸ್ತಕ ಓದುತ್ತಿದ್ದೆ. ಅದೇ ಮೇಷ್ಟರು ನನ್ನ ಪ್ರಬಂಧವನ್ನು ತರಗತಿಗೆ ಓದಿ ಹೇಳಿದರು. ಓಡಿಬಂದು ಅಕ್ಕನಿಗೆ ಹೇಳಿದಾಗ ಅವರು ಬೇಳೆ ಆರಿಸುವುದನ್ನು ನಿಲ್ಲಿಸಿ, “ನಾನೂ ಪರೀಕ್ಷೆಗೆ ಕಟ್ಟಿದೀನಿ,” ಎಂದರು. ಮನೆಯಲ್ಲೇ ಓದಿದವರಿಗೂ ಪರೀಕ್ಷೆಗೆ ಕೂರಲು ಬಿಡುವ ಒಂದು ವಿಶ್ವವಿದ್ಯಾಲಯಕ್ಕೆ ಅವರು ಅರ್ಜಿ ಹಾಕಿದ್ದರು. ಕೇಂದ್ರ ಅಹಮದಾಬಾದ್. ಹಾಲ್ ಟಿಕೆಟ್ ನಿಮ್ಮ ಮನೆ ವಿಳಾಸಕ್ಕೆ ಕಳಿಸಿ ಎಂದು ಬರೆಯಲಾ ಎಂದು ಕೇಳಿದರು. ನಾನು ಉಬ್ಬಿಹೋಗಿ ಹೂಂ ಎಂದೆ. ಅಪ್ಪನನ್ನು ಕೇಳಲಿಲ್ಲ.

ಹಾಲ್ ಟಿಕೆಟ್ ಬಂದ ದಿನ ನಾನು ಕಾಲೇಜಿನಲ್ಲಿದ್ದೆ. ಜ್ವರ ಬಂದು ಅಪ್ಪ ಮನೆಯಲ್ಲಿದ್ದರು. ಲಕೋಟೆಯ ಮೇಲೆ ಸಾಹೇಬನ ಹೆಂಡತಿಯ ಹೆಸರು, ಕೆಳಗೆ ನಮ್ಮ ಮನೆ ನಂಬರು. ಅಪ್ಪ ಅಂಗಿ ಬದಲಿಸಿ, ಜ್ವರದಲ್ಲೇ ಕಾರ್ಖಾನೆಗೆ ನಡೆದುಹೋಗಿ, ಅದನ್ನು ಸಾಹೇಬನ ಮೇಜಿನ ಮೇಲಿಟ್ಟು ಬಂದರು.

ಸಂಜೆ ನನಗೆ ಅದನ್ನು ಅವರೇ ಹೇಳಿದರು. ಒಳ್ಳೆಯ ಕೆಲಸ ಮಾಡಿದವರ ಹಾಗೆ ಹೇಳಿದರು.

“ಅದರ ಮ್ಯಾಲೆ ನಿಮ್ಮ ಹೆಸರು ಇರಲಿಲ್ಲಲ್ಲಪ್ಪಾ,” ಎಂದೆ.

“ನಿನಗ ತಿಳಿಯೂದಿಲ್ಲ. ನಾಳೆ ಗೊತ್ತಾದ್ರ ಅವರು ನನ್ನ ಕೇಳ್ತಾರ. ನನ್ನ ಪ್ರಮೋಷನ್ ಅವರ ಕೈಯಾಗ ಅದ.”

ಅಪ್ಪನ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಇನ್ನೂ ಏನೇನೋ ಅಂದೆ... ಬರೆಯುವಂಥದ್ದಲ್ಲ. ಅವ್ವ ನನ್ನನ್ನು ತಡೆಯಲಿಲ್ಲ. ಅಪ್ಪನಿಗೆ ಗಂಜಿ ಬಡಿಸಿ ಎದ್ದುಹೋದಳು.

ಅಕ್ಕನಿಗೆ ನಾನೇ ಹೋಗಿ ಹೇಳಿದೆ. ಸಾಹೇಬ ಮನೆಯಲ್ಲಿ ಅದರ ಮಾತೇ ಎತ್ತಿರಲಿಲ್ಲ. ದಿನಗಳು ಹೋದವು, ಆತ ಕೇಳಲಿಲ್ಲ, ಬೈಯಲಿಲ್ಲ, ಟಿಕೆಟ್ ಕೊಡಲೂ ಇಲ್ಲ. ಇದೇನಿದು, ಸೋತನೇ ಎಂದು ನಾನು ಅಂದುಕೊಂಡೆ. ಟಿಕೆಟ್ ಇಲ್ಲದಿದ್ದರೇನು, ಪಟ್ಟಿಯಲ್ಲಿ ನನ್ನ ಹೆಸರಿರುತ್ತೆ, ಹೋಗಿ ಕೇಳೋಣ ಎಂದರು ಅಕ್ಕ. ಪರೀಕ್ಷೆಯ ದಿನ ಬೆಳಿಗ್ಗೆ ಅವ್ವ ನನ್ನನ್ನು ಎಬ್ಬಿಸಿ, ಹೋಗು, ಒಬ್ಬಾಕಿನ್ನ ಬಿಡಬ್ಯಾಡ ಎಂದಳು. ನಾನು ಮೆಟ್ಟಿಲ ಮೇಲೆ ಕಾಯುತ್ತಿದ್ದಾಗ ಒಳಗಿನ ಮಾತು ಕೇಳಿಸಿತು. ಪರೀಕ್ಷೆಗೆ ಹೋಗುತ್ತಿದ್ದೇನೆ ಎಂದು ಅಕ್ಕ ಹೇಳಿದರು. ಸಾಹೇಬ ಪೇಪರಿನಿಂದ ತಲೆ ಎತ್ತಿದನೋ ಇಲ್ಲವೋ, “ಹೋಗಿ ಬಾ,” ಎಂದ.

ಅಹಮದಾಬಾದಿನಲ್ಲಿ ಸ್ಟೇಷನ್ನಿನಿಂದ ಟಾಂಗಾದಲ್ಲಿ ಹೋದೆವು. ಕೇಂದ್ರದ ಮೇಲ್ವಿಚಾರಕಿ ನಡುವಯಸ್ಸಿನ ಗುಜರಾತಿ ಹೆಂಗಸು, ಮೃದು ಮಾತಿನವರು. ಅಕ್ಕ ನಿಧಾನವಾಗಿ, ಸ್ವಚ್ಛವಾದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಆ ಅಡಿಗೆಮನೆಯ ಹೊರಗೆ ಅವರು ಇಷ್ಟುದ್ದ ಇಂಗ್ಲಿಷ್ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಮೇಲ್ವಿಚಾರಕಿ ಪಟ್ಟಿ ನೋಡಿದರು. ಹೆಸರಿತ್ತು, ಅದರ ಮೇಲೆ ಗೆರೆ ಎಳೆದಿತ್ತು. ಅವರು ಡ್ರಾಯರಿನಿಂದ ಒಂದು ಕಾಗದ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಅಕ್ಕನ ಕಡೆ ತಳ್ಳಿದರು.

ಸಾಹೇಬ ಬರೆದ ಕಾಗದ. ನನ್ನ ಹೆಂಡತಿಗೆ ನರಗಳ ಕಾಯಿಲೆ, ಬುದ್ಧಿ ಸ್ತಿಮಿತದಲ್ಲಿಲ್ಲ, ನನಗೆ ತಿಳಿಯದಂತೆ ಅರ್ಜಿ ಹಾಕಿದ್ದಾಳೆ, ಪರೀಕ್ಷೆಯ ಒತ್ತಡ ಅವಳ ಜೀವಕ್ಕೇ ಅಪಾಯ, ದಯವಿಟ್ಟು ಹೆಸರು ತೆಗೆದುಹಾಕಿ ಎಂದು. ಹಾಲ್ ಟಿಕೆಟನ್ನೂ ಅದಕ್ಕೆ ಪಿನ್ನು ಹಾಕಿ ಕಳಿಸಿದ್ದ.

ಅಕ್ಕ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ, ನಿಲ್ಲದೆ ಓದಿದರು. ಅಲ್ಲಿ ಅವರು ಕೂಗಿದ್ದರೆ ಆ ಕಾಗದ ನಿಜವಾಗಿಬಿಡುತ್ತಿತ್ತು. ಅತ್ತಿದ್ದರೂ ನಿಜವಾಗುತ್ತಿತ್ತು. ಆತ ಅದನ್ನೂ ಯೋಚಿಸಿಯೇ ಬರೆದಿದ್ದ. ಅಕ್ಕ ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿ ಹೇಳಿದರು:

“ಇದರಲ್ಲಿ ಕಾಗುಣಿತದ ಒಂದು ತಪ್ಪೂ ಇಲ್ಲ. ಒಂದು ನಿಜವಾದ ವಾಕ್ಯವೂ ಇಲ್ಲ.”

ಮೇಲ್ವಿಚಾರಕಿ ತಲೆ ತಗ್ಗಿಸಿದರು. ಗಂಡನೇ ಬರೆದಿದ್ದಾರಲ್ಲ ಬೇನ್, ನಾನೇನು ಮಾಡಲಿ ಎಂದರು. ಗಂಟೆ ಹೊಡೆಯಿತು. ಹುಡುಗಿಯರು ಒಳಗೆ ಹೋದರು, ಬಾಗಿಲು ಮುಚ್ಚಿತು. ನಮಗೆ ನೀರು ಕೊಟ್ಟರು. ನಾನು ಏನು ಮಾಡಿದೆ? ಏನೂ ಇಲ್ಲ. ನೀರು ಕುಡಿದೆ.

ವಾಪಸು ಬರುವಾಗ ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತರು. ಆಣಂದ್ ದಾಟಿದ ಮೇಲೆ, ನಿನ್ನ ಪರೀಕ್ಷೆ ಯಾವತ್ತು ಎಂದು ಕೇಳಿದರು. ನಾನು ಪರೀಕ್ಷೆಗೆ ಕೂರುವುದಿಲ್ಲ, ಕಾಲೇಜಿಗೂ ಹೋಗುವುದಿಲ್ಲ ಎಂದೆ.

“ನನಗಾದದ್ದಕ್ಕೆ ನೀನು ಓದು ಬಿಟ್ರೆ ಅವರಿಗೆ ಒಂದು ಕಾಗದದಲ್ಲಿ ಇಬ್ಬರ ಕೆಲಸ ಮುಗೀತು. ಹಾಗೆ ಮಾಡಬೇಡ.”

ಅಷ್ಟೇ. ಆ ವಾರ ಸಾಹೇಬ ಮೊದಲ ಬಾರಿ ಅಡಿಗೆಮನೆಗೆ ಹೋದ. ನಿಘಂಟು, ನೋಟುಬುಕ್ಕು, ಕೂಡಿಟ್ಟ ಪೇಪರು ಎಲ್ಲವನ್ನೂ ಹಳೆ ಪೇಪರ್ ಕೊಳ್ಳುವ ಪಸ್ತಿಯವನ ತಕ್ಕಡಿಗೆ ಹಾಕಿಸಿದ. ಮೇಲಿನ ಮನೆಯಾಕೆಗೆ ನರದ ಕಾಯಿಲೆ ಎಂಬ ಸುದ್ದಿ ಕಾಲನಿಯಲ್ಲೆಲ್ಲ ಹರಡಿತು. ಹೆಂಗಸರು ಅಕ್ಕನ ಹತ್ತಿರ, ಚಿಕ್ಕ ಮಕ್ಕಳೊಂದಿಗೆ ಮಾತಾಡುವ ಹಾಗೆ ಮಾತಾಡತೊಡಗಿದರು. ಮಳೆಗಾಲಕ್ಕೆ ಮುಂಚೆ ಸಾಹೇಬನಿಗೆ ಉತ್ತರದ ಯಾವುದೋ ಊರಿಗೆ ವರ್ಗವಾಯಿತು. ಹೋಗುವ ದಿನ ನಾನು ಮೇಲೆ ಹೋದಾಗ ಆತ ಬಾಗಿಲಲ್ಲೇ ನಿಂತಿದ್ದ. ಅಕ್ಕ ಒಳಗಿನಿಂದ, ಓದಿಕೊಳ್ಳೇ ಎಂದರು. ಮುಖ ಸರಿಯಾಗಿ ಕಾಣಲಿಲ್ಲ...

ಅಪ್ಪನಿಗೆ ಬಡ್ತಿ ಬಂತು. ಪೇಡೆ ತಂದರು. ನಾನು ತಿನ್ನಲಿಲ್ಲ. ಓದಿದೆ, ಎಂ.ಎ. ಮಾಡಿದೆ, ಸೂರತ್ತಿನ ಕಾಲೇಜೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಕಲಿಸಿದೆ. ಕಲಿಸಿದ್ದು ಅಕ್ಕ ಕಲಿಸಿದ ಹಾಗೆಯೇ. ಅಪ್ಪನ ಕೊನೆಗಾಲದಲ್ಲಿ ಅವರ ಸೇವೆಗೆ ಏನೂ ಕಡಿಮೆ ಮಾಡಲಿಲ್ಲ. ಒಮ್ಮೆ ಅವರಾಗಿಯೇ, “ಆ ಲಕೋಟಿ ನಾ ಮನ್ಯಾಗ ಇಟ್ಕೋಬಹುದಿತ್ತು,” ಎಂದರು. “ಹೌದು, ಇಟ್ಕೋಬಹುದಿತ್ತು,” ಎಂದೆ. ಅವರಿಗೆ ಇನ್ನೊಂದು ಮಾತು ಬೇಕಿತ್ತು. ನನ್ನಿಂದ ಆಗಲಿಲ್ಲ.

ಅಕ್ಕನನ್ನು ನಾನು ಹುಡುಕಬಹುದಿತ್ತು. ಹುಡುಕಲಿಲ್ಲ. ಆ ಬಾಗಿಲಲ್ಲಿ ಆತ ನಿಂತಿರುತ್ತಾನೆ ಎಂಬ ನೆಪ ಇಟ್ಟುಕೊಂಡಿದ್ದೆ. ಎಲ್ಲಿದ್ದರೂ ಅಕ್ಕ ಬಿಡುವವರಲ್ಲ, ಇನ್ನೊಂದು ಊರಿನ ಇನ್ನೊಂದು ಅಡಿಗೆಮನೆಯಲ್ಲಿ ಇನ್ನೊಂದು ನಿಘಂಟು ಇದ್ದೇ ಇರುತ್ತದೆ ಎಂದು ನಂಬಿಕೊಂಡಿದ್ದೆ.

ಕಳೆದ ವರ್ಷ ವಡೋದರಾದಲ್ಲಿ ಕನ್ನಡದವರ ಒಂದು ಸಮಾರಂಭಕ್ಕೆ ಹೋಗಿದ್ದೆ. ಅಲ್ಲಿ ಅರವತ್ತರ ಹತ್ತಿರದ ಒಬ್ಬರು, ತಮ್ಮ ತಂದೆ ಒಂದು ಕಾಲಕ್ಕೆ ಇದೇ ಊರಿನ ಕಾರ್ಖಾನೆಯಲ್ಲಿದ್ದರು ಎಂದು ಹೇಳಿ ತಂದೆಯ ಹೆಸರು ಹೇಳಿದರು. ಸಾಹೇಬನ ಹೆಸರು. ಕಾಲನಿ ಬಿಟ್ಟ ಮೇಲೆ ಹುಟ್ಟಿದ ಮಗ. ಅಮ್ಮ ಹೋಗಿ ಹದಿನಾರು ವರ್ಷವಾಯಿತು ಎಂದರು. ನನಗೆ ಇಂಗ್ಲಿಷ್ ಓದಲು ಕಲಿಸಿದವರು ನಿಮ್ಮ ತಾಯಿ ಎಂದೆ. ನೀವು ಬೇರೆ ಯಾರನ್ನೋ ನೆನೆಸಿಕೊಂಡಿದ್ದೀರಿ ಎಂದು ಅವರು ನಕ್ಕರು.

“ಅಮ್ಮನಿಗೆ ಇಂಗ್ಲಿಷ್ ಬರ್ತಿತ್ತಾ? ಇಲ್ಲ ಆಂಟಿ. ಅಮ್ಮ ಪೇಪರ್ ಕೂಡ ಓದ್ತಿರಲಿಲ್ಲ. ಕಣ್ಣು ಮಂಜಾದಾಗ ಕನ್ನಡಕ ಮಾಡಿಸ್ತೀನಿ ಅಂದ್ರೆ, ನನಗ್ಯಾಕೋ, ನಾನೇನು ಓದಬೇಕು ಅಂತಿದ್ರು.”

“ಬರ್ತಿತ್ತು,” ಎಂದೆ. “ನಿಮ್ಮ ತಂದೆಗಿಂತ ಚೆನ್ನಾಗಿ ಬರ್ತಿತ್ತು.” ಆಮೇಲೆ ಅವರನ್ನು ಕೂರಿಸಿಕೊಂಡು, ಅಹಮದಾಬಾದಿನ ಕೋಣೆ, ಆ ಕಾಗದ, ಎಲ್ಲವನ್ನೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು. ಕೊನೆಗೆ ಕೈ ಮುಗಿದು ಎದ್ದುಹೋದರು. ಹೇಳಿದ್ದರಿಂದ ನನ್ನ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ. ಹದಿನಾರು ವರ್ಷ. ಅಷ್ಟು ವರ್ಷವೂ ನಾನು, ಅಕ್ಕ ಎಲ್ಲೋ ಕೂತು ಓದುತ್ತಿದ್ದಾರೆ ಎಂದುಕೊಂಡೇ ಇದ್ದೆ.