ರಿಜೆಕ್ಟ್ ರುದ್ರಪ್ಪನ ನೀಲಿ ವ್ಯಾನು

ರುದ್ರಪ್ಪ ಕಾಕಾ ರೊಟ್ಟಿಯನ್ನು ತಿನ್ನುವ ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ರೊಟ್ಟಿಯ ಮೈಮೇಲೆ ಓರೆಯಾಗಿ ಹಾಯಿಸಿ, 'ಈ ಕಡೆ ಸ್ವಲ್ಪ ದಪ್ಪ ಆಗೇತಿ' ಎಂದು ತೀರ್ಪು ಕೊಟ್ಟ ಮೇಲೆಯೇ ಮೊದಲ ತುತ್ತು. ಮದುವೆಯಾದಾಗಿನಿಂದ ರೊಟ್ಟಿ ಬಡಿಯುತ್ತ ಬಂದ ಅವರ ಹೆಂಡತಿ ಗೌರವ್ವ ಕಾಕು ಈ ತೀರ್ಪಿಗೆ ಕಿವಿಗೊಡುವುದನ್ನು ಎಂದೋ ಬಿಟ್ಟಿದ್ದರು. ತೀರ್ಪು ಏನೇ ಇರಲಿ, ನಾಲ್ಕು ರೊಟ್ಟಿ ಖಾಲಿಯಾಗುವುದು ತಪ್ಪುತ್ತಿರಲಿಲ್ಲ.

ಇದು ಅವರಿಗೆ ಹೊಟ್ಟೆಪಾಡಿನಿಂದ ಅಂಟಿದ ಚಟ. ಸಿಂದಗಿ ಕಡೆಯಿಂದ ಗೋವಾಕ್ಕೆ ಬಂದು, ಕುಂಕಳ್ಳಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ಟೀಲ್ ಪಾತ್ರೆ ಮಾಡುವ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಚೆಕಿಂಗ್ ಕೆಲಸ ಮಾಡಿದವರು. ಸಾಲಾಗಿ ಬರುವ ಡಬ್ಬಿ, ತಂಬಿಗೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯುವುದು. ಗೀರೋ ತಗ್ಗೋ ಕಂಡರೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, 'ರಿಜೆಕ್ಟ್' ಎಂದು ಪಕ್ಕಕ್ಕೆ ಸರಿಸುವುದು. ಚೆನ್ನಾಗಿದ್ದ ಪಾತ್ರೆಗೆ ಏನೂ ಹೇಳುವಂತಿರಲಿಲ್ಲ, ಸುಮ್ಮನೆ ಮುಂದೆ ತಳ್ಳಬೇಕು. ಹೀಗಾಗಿ ಅವರ ಬಾಯಿಂದ ಒಳ್ಳೆಯ ಮಾತು ಬಂದದ್ದನ್ನು ಕೇಳಿದವರು ಇಡೀ ಎಸ್ಟೇಟಿನಲ್ಲಿ ಇರಲಿಲ್ಲ. ಜನ ಅವರಿಗೆ ರಿಜೆಕ್ಟ್ ರುದ್ರಪ್ಪ ಎಂದು ಹೆಸರಿಟ್ಟಿದ್ದರು. ಅವರಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ನಾನು ಅದೇ ಎಸ್ಟೇಟಿನ ಇನ್ನೊಂದು ಕಂಪನಿಯ ಗೇಟಿನಲ್ಲಿ ರಿಜಿಸ್ಟರ್ ಬರೆಯುವ ಗುಮಾಸ್ತ. ಫಿಲೋಮಿನಾ ಬಾಯಿಯವರ ಮನೆಯ ಹಿತ್ತಲಿನ ಬಾಡಿಗೆಯ ಸಾಲುಕೋಣೆಗಳಲ್ಲಿ ಒಂದು ನನ್ನದು, ಪಕ್ಕದ್ದು ಕಾಕಾ ಅವರದು. ಊರಿಂದ ನನಗೆ ನೋಡಿದ ಹುಡುಗಿಯ ಫೋಟೋ ಬಂದಾಗ ದೊಡ್ಡವರೆಂದು ಅವರಿಗೆ ತೋರಿಸಿದೆ. ಕಿಟಕಿಯ ಬಳಿ ಹೋಗಿ ಓರೆ ಮಾಡಿ ಬಹಳ ಹೊತ್ತು ನೋಡಿದರು. ಕೊನೆಗೆ, 'ಕಾಗದ ಚಲೋ ಹಾಕ್ಯಾರ ತಮ್ಮಾ' ಎಂದರು. ಆ ಹುಡುಗಿಯನ್ನೇ ನಾನು ಮದುವೆಯಾದೆ. ಅವಳಿಗೆ ಈ ಮಾತನ್ನು ಇನ್ನೂ ಹೇಳಿಲ್ಲ.

ಎರಡು ಸಾವಿರದ ನಾಲ್ಕರ ಸುಮಾರಿಗೆ ಕಾಕಾ ಅವರ ಕಾರ್ಖಾನೆ ಮುಚ್ಚಿತು. ಅಷ್ಟು ಹೊತ್ತಿಗೆ ಕಾಕುವಿನ ಮೊಣಕಾಲುಗಳೂ ಕೈಕೊಡತೊಡಗಿದ್ದವು. ಅವರು ದಿನಾ ಬಸ್ಸು ಹಿಡಿದು ಕಾಣಕೋಣಕ್ಕೆ ಹೋಗಿ, ಸೂರ್ಯ ಮತ್ತು ಆನೆ ಅಚ್ಚಾದ ಲುಂಗಿಗಳ ಗಂಟು ಹೊತ್ತು ಬೀಚಿನಲ್ಲಿ ಮಾರುತ್ತಿದ್ದರು. ಮಡಗಾಂವಿನ ಡಾಕ್ಟರು, 'ಉಸುಕಿನಲ್ಲಿ ನಡೆಯಬೇಡಿ' ಎಂದಿದ್ದರು. ಬೀಚಿನಲ್ಲಿ ಬಟ್ಟೆ ಮಾರುವ ಹೆಂಗಸಿಗೆ ಇದಕ್ಕಿಂತ ಸುಲಭವಾದ ಪಥ್ಯ ಯಾವುದಿದೆ? ಕಾಕು ಮೊಣಕಾಲಿಗೆ ಹಳೆಯ ಸೀರೆಯ ಪಟ್ಟಿ ಬಿಗಿದುಕೊಂಡು ಹೋಗಿಯೇ ಹೋಗುತ್ತಿದ್ದರು. ಸಂಜೆ ಬಸ್ಸಿಳಿದು ಅವರು ಕುಂಟುತ್ತ ಬರುವುದನ್ನು ಕಾಕಾ ಬಾಗಿಲಲ್ಲಿ ನಿಂತು ತಲೆ ವಾಲಿಸಿ ನೋಡುತ್ತಿದ್ದರು. ಆಗ ಮಾತ್ರ ತೀರ್ಪು ಕೊಡದೆ, ಹೋಗಿ ಗಂಟನ್ನು ಇಸಿದುಕೊಳ್ಳುತ್ತಿದ್ದರು.

ಒಂದು ದಿನ ಎಲ್ಲಿಂದಲೋ ಒಂದು ಹಳೇ ನೀಲಿ ವ್ಯಾನು ತಂದು ನಿಲ್ಲಿಸಿದರು. ಮೂತಿಯಿಲ್ಲದ, ಚಪ್ಪಟೆ ಮುಖದ ವ್ಯಾನು. ಸಮುದ್ರದ ಗಾಳಿ ಅದರ ಬಾಗಿಲುಗಳನ್ನು ತಿಂದು, ಒಳಗೆ ಕೂತವರ ಕಾಲು ಹೊರಗಿನವರಿಗೆ ಕಾಣುವಷ್ಟು ಉಪಕಾರ ಮಾಡಿತ್ತು. ಕಾಣಕೋಣದ ಒಂದು ಹೋಟೆಲಿನ ಮ್ಯಾನೇಜರು ಚಾದರಗಳನ್ನು ಒಗೆಯಲು ಒಯ್ಯುವ, ಕಾಯಿಪಲ್ಲೆ ತರುವ ಕೆಲಸ ಕೊಡುತ್ತೇನೆಂದಿದ್ದರು. ಆದರೆ ಎರಡು ಷರತ್ತು: ಈ ತುಕ್ಕಿನ ಡಬ್ಬಿ ಹೊಸದರಂತೆ ಕಾಣಬೇಕು, ಸೀಸನ್ ಶುರುವಾಗುವ ಮುಂಚೆ, ಅಂದರೆ ದಸರೆಯ ಮರುದಿನ ತಂದು ತೋರಿಸಬೇಕು. ತಪ್ಪಿದರೆ ಬೇರೆಯವರು ಕಾದಿದ್ದರು. ಕೆಲಸ ಸಿಕ್ಕರೆ ಕಾಕು ಉಸುಕು ತುಳಿಯುವುದು ಬಿಡಬಹುದಿತ್ತು. ಇಡೀ ವ್ಯಾನಿನ ಹಿಂದೆ ಇದ್ದದ್ದು ಆ ಎರಡು ಮೊಣಕಾಲು.

ಬಣ್ಣ ಬಳಿಸಲು ಮೊದಲು ಮಡಗಾಂವಿನ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿ ಆಗಷ್ಟೇ ಬಣ್ಣ ಮುಗಿದ ಕಾರೊಂದರ ಮುಂದೆ ಅದರ ಮಾಲೀಕ ಹಲ್ಲು ಕಿರಿಯುತ್ತ ನಿಂತಿದ್ದ. ಕಾಕಾ ಕಾರಿನ ಪಕ್ಕ ಬಗ್ಗಿ, ಕೆನ್ನೆಯನ್ನು ಬಾಗಿಲಿಗೆ ತಾಗಿಸುವಷ್ಟು ಹತ್ತಿರ ಒಯ್ದು ನೋಡಿ, 'ಕಿತ್ತಳಿ ಸಿಪ್ಪಿ ಹಂಗ ತಗ್ಗ ತಗ್ಗ ಆಗೇತಲ್ಲೋ ತಮ್ಮಾ' ಎಂದು ನನಗೆ ಹೇಳಿದರು. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೇ ಮಾಲೀಕನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಪೇಂಟರು ನಮ್ಮನ್ನು ರಸ್ತೆಯವರೆಗೂ ಬಂದು ಬೀಳ್ಕೊಟ್ಟ. ಬಸ್ಸಿನಲ್ಲಿ ಕಾಕಾ, 'ನಾನ ಮಾಡತೇನಿ ಬಿಡು. ಬೆಳಕು ಸುಳ್ಳ ಹೇಳೂದಿಲ್ಲ ತಮ್ಮಾ, ಪೇಂಟರ್ ಹೇಳತಾನ' ಎಂದರು. ಹದಿನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿದವರು ಸ್ವಂತ ತಪ್ಪು ಮಾಡಲು ಹೊರಟ ದಿನ ಅದು.

ಫಿಲೋಮಿನಾ ಬಾಯಿಯವರ ಮನೆಯ ಪಕ್ಕ ಒಂದು ಗ್ಯಾರೇಜಿತ್ತು. ಗ್ಯಾರೇಜೆಂಬುದು ಗೌರವದ ಮಾತು. ಮೂರು ಗೋಡೆ, ಹಂಚಿನ ಮಾಡು, ಬಾಗಿಲಿಲ್ಲ. ಒಳಗೆ ತೆಂಗಿನ ಗರಿ, ಸೌದೆ ಮತ್ತು ಕೋಳಿಗಳು. ಬಾಯಿ ದೊಡ್ಡ ಮನಸ್ಸಿನಿಂದ ಜಾಗ ಕೊಟ್ಟರು, ಕೋಳಿಗಳು ಕೊಡಲಿಲ್ಲ. ಕಾಕಾ ಮೊದಲು ತುಕ್ಕು ಕೆರೆದರು, ತೂತುಗಳಿಗೆ ತಗಡು ಕೂರಿಸಿ ಪುಟ್ಟಿ ತುಂಬಿದರು, ಆಮೇಲೆ ಒರಟು ಪಾಲಿಶ್ ಕಾಗದ ಹಿಡಿದು ತಿಕ್ಕಲು ಕೂತರು. ತಿಕ್ಕುವುದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡುವುದು, ಸೀಮೆಸುಣ್ಣದಿಂದ ಅಡ್ಡಗೆರೆ ಹಾಕುವುದು, 'ರಿಜೆಕ್ಟ್' ಎನ್ನುವುದು, ಮತ್ತೆ ತಿಕ್ಕುವುದು. ತಮ್ಮನ್ನು ತಾವೇ ರಿಜೆಕ್ಟ್ ಮಾಡಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಎಡಬಾಗಿಲೊಂದಕ್ಕೇ ಒಂದು ವಾರ ಹಿಡಿಯಿತು.

ಗಾಜುಗಳಿಗೆ ಬಣ್ಣ ತಾಗದಂತೆ ಅಂಟಿಸಲು ಕಾಗದ ಬೇಕಾಯಿತು. ನಾನು ಕೆಲಸಕ್ಕೆ ಹೋದಾಗ ಕಾಕು ನನ್ನ ಕೋಣೆಯಿಂದ ಹಳೆಯ ಪೇಪರುಗಳನ್ನು ತಂದುಕೊಟ್ಟಿದ್ದರು. ಅವುಗಳ ನಡುವೆ, ಗೋವಾ ಕನ್ನಡಿಗರ ಬಸ್ಸಿನ ತೊಂದರೆ ಕುರಿತು ನಾನು ಬರೆದು, ಬಹಳ ದಿನ ಕಾದು, ಕೊನೆಗೂ ಅಚ್ಚಾದ ನನ್ನ ಪತ್ರವಿದ್ದ ಸಂಚಿಕೆಯೂ ಇತ್ತು. ಸಂಜೆ ಬಂದು ನೋಡಿದರೆ ನನ್ನ ಸಾಹಿತ್ಯ ಜೀವನ ವ್ಯಾನಿನ ಮುಂದಿನ ಗಾಜಿಗೆ ಅಂಟಿಕೊಂಡು ಕೂತಿತ್ತು. ಬೇಸರವಾಯಿತೆಂದೆ. ಕಾಕಾ ಸಮಾಧಾನ ಮಾಡಿದರು: 'ಮುಂದಿನ ಕಾಜಿಗೇ ಹಚ್ಚೇನಲ್ಲ ತಮ್ಮಾ. ಅಡ್ರೆಸ್ ಇಲ್ಲದವ್ರನ್ನೆಲ್ಲಾ ಹಿಂದ ಹಚ್ಚೇನಿ.'

ಮಡಗಾಂವಿನಿಂದ ಬಣ್ಣ ಸಿಂಪಡಿಸುವ ಬಾಡಿಗೆಯ ಕಂಪ್ರೆಸರ್ ಬಂತು. ಧೂಳು ಬಾರದಂತೆ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿನ ಜಾಗದಲ್ಲಿ ಕಾಕುವಿನ ಲುಂಗಿಗಳನ್ನು ಪರದೆಯಾಗಿ ಕಟ್ಟಿದೆವು. ಒಳಗೆ ಥಿನ್ನರ್ ವಾಸನೆಗೆ ತಲೆ ಗಿರ್ರೆನ್ನುತ್ತಿತ್ತು. ಮೊದಲ ಕೋಟು ಮುಗಿದು ಹತ್ತು ನಿಮಿಷವಾಗಿರಲಿಲ್ಲ, ವ್ಯಾನಿನ ಹಣೆಯ ಮೇಲೆ, ಅಂದರೆ ಮುಂದಿನ ಗಾಜಿನ ಕೆಳಗಿನ ಚಪ್ಪಟೆ ತಗಡಿನ ಮೇಲೆ, ಒಂದು ಸೊಳ್ಳೆ ಬಂದು ಕೂತಿತು. ಕಾಕಾ ಅದನ್ನು ಸೂಜಿಯಿಂದ ಎತ್ತಿದರು. ಸೊಳ್ಳೆ ಬಂತು, ಅದರ ಒಂದು ಕಾಲು ಉಳಿಯಿತು. ನಾನು, 'ಕಾಕಾ, ಒಂದು ಕಾಲು ಯಾರಿಗೆ ಕಾಣಸ್ತೈತಿ?' ಎಂದೆ. 'ನನಗ' ಎಂದರು. ಒಣಗುವವರೆಗೆ ಕಾದು, ಇಡೀ ಹಣೆಯನ್ನು ತಿಕ್ಕಿ ಮತ್ತೆ ಹೊಡೆದರು. ಎರಡನೆಯ ಸಲ ಮಳೆ ಬಂದು, ಒದ್ದೆ ಗಾಳಿಗೆ ಬಣ್ಣ ಬೂದಿ ಬಡಿದಂತೆ ಬೆಳ್ಳಗಾಯಿತು. ಮೂರನೆಯ ಸಲ ಫಿಲೋಮಿನಾ ಬಾಯಿಯವರ ಹುಂಜ ಪರದೆಯ ಅಡಿಯಿಂದ ನುಗ್ಗಿ, ರೆಕ್ಕೆ ಬಡಿದು, ನೀಲಿ ಬಾಲದೊಂದಿಗೆ ಹೊರಬಿತ್ತು. 'ಮ್ಹಜ್ಯಾ ಕೊಂಬ್ಯಾಕ್ ಕಿತೆಂ ಕೆಲೆಂ ರೇ ತುವೆಂ?' ಎಂದು ಕೊಂಕಣಿಯಲ್ಲಿ ಕೂಗುತ್ತ, ಏನು ಮಾಡಿದೆಯೋ ಎಂದು ಕೇಳುತ್ತ, ಬಾಯಿ ತಮ್ಮ ಹುಂಜದ ಪರವಾಗಿ ಓಡಿಬಂದರು. ಕಾಕಾ ಹುಂಜವನ್ನು ಓರೆಯಾಗಿ ನೋಡಿ, 'ಅದರ ಮ್ಯಾಲೆ ಬಣ್ಣ ಭಾಳ ಚಲೋ ಕೂತೈತಿ' ಎಂದು ಹೊಟ್ಟೆಕಿಚ್ಚಿನಿಂದ ಹೇಳಿದರು.

ನಾಲ್ಕನೆಯ ಸಲಕ್ಕೆ ಬೇಗ ಒಣಗುವ ಬಣ್ಣದ ಮೇಲೆ ಅವರಿಗೆ ನಂಬಿಕೆಯೇ ಹೋಯಿತು. ಕಿಟಕಿ ಸರಳುಗಳಿಗೆ ಬಳಿಯುವ ಎನಾಮಲ್ ತಂದರು. 'ತಡಾ ಮಾಡಿ ಒಣಗಿದ್ದು ತಡಾ ಮಾಡಿ ಉದರತೈತಿ' ಎಂಬುದು ಅವರ ಶಾಸ್ತ್ರ. ಮಳೆಗಾಲದ ಕೊನೆಯ ತೇವದಲ್ಲಿ ಅದು ಎಷ್ಟು ತಡ ಮಾಡೀತು ಎಂಬುದು ಮಾತ್ರ ಶಾಸ್ತ್ರದಲ್ಲಿ ಇರಲಿಲ್ಲ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಕೊನೆಯ ಕೋಟು ಮುಗಿಯಿತು. ಸೊಳ್ಳೆಯಿಲ್ಲ, ಮಳೆಯಿಲ್ಲ, ಹುಂಜವನ್ನು ಕಟ್ಟಿಹಾಕಲಾಗಿತ್ತು. ಟಾರ್ಚು ಹಿಡಿದರೆ ಬೆಳಕು ಎಲ್ಲಿಯೂ ಎಡವದೆ ಜಾರುತ್ತಿತ್ತು. ಸೀಮೆಸುಣ್ಣ ಜೇಬಿನಿಂದ ಹೊರಗೆ ಬರಲಿಲ್ಲ. 'ಯಾರೂ ಮುಟ್ಟಬ್ಯಾಡ್ರಿ' ಎಂದಷ್ಟೇ ಹೇಳಿ ಮಲಗಿದರು.

ಮರುದಿನ ಬೆಳಿಗ್ಗೆ ಕಂಪ್ರೆಸರ್ ಹಿಂದಿರುಗಿಸಲು ಕಾಕಾ ಮತ್ತು ನಾನು ಮಡಗಾಂವಿಗೆ ಹೋದೆವು. ಮಧ್ಯಾಹ್ನ ಬಂದಾಗ ಗ್ಯಾರೇಜಿನ ಕಟ್ಟೆಯ ಮೇಲೆ ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣುಗಳಿದ್ದವು, ಕನ್ನಡಿಗೆ ಚೆಂಡುಹೂ ಇತ್ತು. ವ್ಯಾನಿನ ಹಣೆಯ ಮೇಲೆ, ಈ ತುದಿಯಿಂದ ಆ ತುದಿಗೆ, ಮೂರು ಬೆರಳಿನ ವಿಭೂತಿ. ನಡುವೆ ಹೆಬ್ಬೆರಳಗಲದ ಕುಂಕುಮ. ಒಣಗಿದಂತೆ ಹೊಳೆಯುತ್ತಿದ್ದ ಎನಾಮಲ್ ಒಳಗೆ ಇನ್ನೂ ಮೆತ್ತಗಿತ್ತು. ಬೆರಳುಗಳು ಬಣ್ಣದಲ್ಲಿ ಇಳಿದು ಮೂರು ಸಾಲು ಬಿದ್ದಿದ್ದವು, ವಿಭೂತಿ ಆ ಸಾಲುಗಳಲ್ಲಿ ಹೂತು ಕೂತಿತ್ತು. ಕಾಕು ಒರೆಸಲು ನೋಡಿದ್ದರು. ಅಂಚಿನಲ್ಲಿ ಒದ್ದೆ ಬಟ್ಟೆಯ ಎಳೆಗಳ ಅಚ್ಚು ಬಿದ್ದಿತ್ತೇ ಹೊರತು ಬೇರೇನೂ ಹೋಗಿರಲಿಲ್ಲ.

'ಈಳಿಗಿಗೂ ಹಚ್ಚಿದೆ, ಕತ್ತರಿಗೂ ಹಚ್ಚಿದೆ. ನಮಗ ಅನ್ನಾ ಹಾಕೂ ಗಾಡಿ, ಇದನ್ನ ಹೆಂಗ ಬರೇ ಹಣೀಲೆ ಬಿಡ್ಲಿ ಅಂತ…' ಎಂದು ಕಾಕು ಮತ್ತೆ ಸೆರಗನ್ನು ಮುಖಕ್ಕೆ ಒತ್ತಿಕೊಂಡರು.

ತಿಕ್ಕಿ ಮತ್ತೆ ಹೊಡೆಯಲು ಬಣ್ಣ ಮೊದಲು ಗಟ್ಟಿಯಾಗಬೇಕು. ಅದಕ್ಕೆ ವಾರ ಬೇಕು. ಹೋಟೆಲಿಗೆ ಹೋಗಲು ಉಳಿದದ್ದು ಎರಡೇ ದಿನ. ಇದು ಮೂವರಿಗೂ ಗೊತ್ತಿತ್ತು. ಸೊಳ್ಳೆಯ ಕಾಲನ್ನು ಕ್ಷಮಿಸದ ಮನುಷ್ಯ ಈಗ ಹೆಂಡತಿಗೆ ಏನೆನ್ನುತ್ತಾರೋ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಕಾಕಾ ವ್ಯಾನಿನ ಪಕ್ಕ ಬಗ್ಗಿದರು. ತಲೆ ಎಡಕ್ಕೆ ವಾಲಿತು, ಒಂದು ಕಣ್ಣು ಮುಚ್ಚಿತು. ಬಹಳ ಹೊತ್ತು ನೋಡಿದರು.

'ಮೂರನೇ ಗೆರಿ ಯಾಕ ಸೊಟ್ಟ ಆಗೇತಿ?'

'ಬಗ್ಗಿದ್ನಿರಿ. ಅಲ್ಲಿಗೆ ಬರೂದ್ರಾಗ ಮೊಣಕಾಲ ಹಿಡೀತು' ಎಂದರು ಕಾಕು.

ಕಾಕಾ ಜೇಬಿನಿಂದ ಸೀಮೆಸುಣ್ಣ ತೆಗೆದರು. ಕೈಯಲ್ಲಿ ಹೊರಳಿಸಿದರು. ಮತ್ತೆ ಜೇಬಿಗೆ ಹಾಕಿಕೊಂಡರು.

'ಪಾಸ್' ಎಂದರು.

ಆ ಪದ ಅವರಿಗೆ ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಕಾಕು ಸೆರಗು ತೆಗೆದು ಅವರನ್ನು ನೋಡಿದರು. ನಾನು ಹುಂಜವನ್ನು ಬಿಚ್ಚುವ ನೆಪದಲ್ಲಿ ಹೊರಗೆ ಹೋದೆ.

ದಸರೆಯ ಮರುದಿನ ಹೋಟೆಲಿನ ಮ್ಯಾನೇಜರು ವ್ಯಾನಿನ ಸುತ್ತ ಒಂದು ಸುತ್ತು ಬಂದು, ಬಾಗಿಲುಗಳನ್ನು ಮೆಚ್ಚಿ, ಹಣೆಯ ಮುಂದೆ ನಿಂತರು. 'ಯೇ ಕ್ಯಾ ಹೈ? ಇಸಕೋ ನಿಕಾಲೋ' ಎಂದು ಅದನ್ನು ಅಳಿಸಲು ಹೇಳಿದರು. ಕಾಕಾ ಕೈಕಟ್ಟಿ ನಿಂತು, 'ನಹೀಂ ನಿಕಲತಾ ಸಾಬ್', ಅದು ಹೋಗುವುದೇ ಇಲ್ಲ, ಎಂದರು. ವಾರ ಬಿಟ್ಟು ತಿಕ್ಕಿದರೆ ಹೋಗುವಂಥದ್ದು. ಸೀಟಿನ ಕೆಳಗೆ ಹತ್ತು ಹಾಳೆ ಪಾಲಿಶ್ ಕಾಗದ ಇಟ್ಟುಕೊಂಡು ಇಷ್ಟು ಶಾಂತವಾಗಿ ಸುಳ್ಳು ಹೇಳಬಹುದೆಂದು ನಾನು ಎಣಿಸಿರಲಿಲ್ಲ. ಮ್ಯಾನೇಜರು ತಲೆ ಕೆರೆದುಕೊಂಡು, ಅತಿಥಿಗಳ ಕಣ್ಣಿಗೆ ಬೀಳದಂತೆ ಹಿಂದಿನ ಗೇಟಿನಿಂದ ಬರುವುದಾದರೆ ಸರಿ ಎಂದರು. 'ಹಿಂದಿನ ಗೇಟ ಅಂದ್ರ ಅಡಗಿಮನಿ ಬಾಜೂ. ಚಾ ಬಿಸೀದು ಸಿಗತೈತಿ' ಎಂದು ಕಾಕಾ ದಾರಿಯಲ್ಲಿ ಲೆಕ್ಕ ಹಾಕಿದರು.

ಕಾಕು ಉಸುಕು ತುಳಿಯುವುದು ನಿಂತಿತು. ಕೊನೆಯ ಸಲ ಬೀಚಿಗೆ ಹೋದಾಗ, ಪರದೆ ಕಟ್ಟಿದ್ದ, ನೀಲಿ ಸಿಡಿದ ಲುಂಗಿಗಳೇ ಮೊದಲು ಮಾರಾಟವಾದವಂತೆ. ವಿದೇಶಿಯರು ಇನ್ನೂ ಇವೆಯೇ ಎಂದು ಕೇಳಿದರಂತೆ.

ಆಮೇಲಿನ ವರ್ಷಗಳಲ್ಲಿ ಆ ಬಣ್ಣ ಕಲ್ಲಿನಂತೆ ಗಟ್ಟಿಯಾಯಿತು. ಕಾಕಾ ಪ್ರತಿ ಮಳೆಗಾಲ ಮುಗಿದ ಮೇಲೆ ಬಾಗಿಲುಗಳನ್ನು ತಿಕ್ಕಿ, ಮತ್ತೆ ಬಳಿದು, ರಿಜೆಕ್ಟ್ ಮಾಡಿ, ಮತ್ತೆ ತಿಕ್ಕುತ್ತಿದ್ದರು. ಹಣೆಯ ಹತ್ತಿರ ಮಾತ್ರ ಕೈ ಹೋಗುತ್ತಿರಲಿಲ್ಲ. 'ಮಂದಿ ನಗತಾರ, ಈಗರೆ ತಗೀರಿ' ಎಂದು ಕಾಕು ಹೇಳಿದಾಗಲೆಲ್ಲ, 'ಮುಂದಿನ ವರ್ಷ ನೋಡೂಣ' ಎನ್ನುತ್ತಿದ್ದರು.

ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ, ಮೂರು ದಿನದ ಜ್ವರದಲ್ಲಿ ಅವರು ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಸಲಾಯಿನ್ ಬಾಟಲಿಯನ್ನು ಓರೆಯಾಗಿ ದಿಟ್ಟಿಸುತ್ತಿದ್ದರು. ಅದರ ಬಗ್ಗೆ ಏನು ತೀರ್ಪು ಕೊಟ್ಟರೋ ಕೇಳಿಸಲಿಲ್ಲ.

ಕಾಕು ತಂಗಿಯ ಮನೆಗೆ ಸಿಂದಗಿ ಕಡೆ ಹೊರಟರು. ವ್ಯಾನನ್ನು ಮಡಗಾಂವಿನ ಮೀನು ವ್ಯಾಪಾರಿಯೊಬ್ಬರು ಕೊಂಡರು. ಕೀಲಿ ಕೊಡುವಾಗ ಕಾಕು ನನ್ನನ್ನು ಕರೆದು, 'ಅವರಿಗೆ ಒಂದು ಮಾತ ತಿಳಿಸಿ ಹೇಳು ತಮ್ಮಾ. ಬೇಕಾದ ಬಣ್ಣಾ ಹಚ್ಚಗೊಳ್ಳಿ. ಹಣೀ ಒಂದು ಮುಟ್ಟಬ್ಯಾಡ್ರಿ ಅನ್ನು' ಎಂದರು. ಯಾಕೆ ಎಂದು ವ್ಯಾಪಾರಿ ಕೇಳಿದರು. ಕಾಕು ವ್ಯಾನಿನ ಹಣೆಯ ಧೂಳನ್ನು ಸೆರಗಿನಿಂದ ಒರೆಸಿದರು. 'ನಮ್ಮವರು ಜೀವಮಾನದಾಗ ಪಾಲಿಶ್ ಕಾಗದ ಹಚ್ಚದ ಬಿಟ್ಟಿದ್ದು ಅದೊಂದ' ಎಂದರು. ನಾನು ಅದನ್ನು ಹಿಂದಿಯಲ್ಲಿ ಹೇಳಲು ಹೊರಟು, ದೇವರ ವಿಷಯ ಎಂದಷ್ಟೇ ಹೇಳಿದೆ.

ಮೊನ್ನೆ ಮಡಗಾಂವಿನ ಮೀನು ಮಾರ್ಕೆಟ್ಟಿನ ಬಳಿ ಆ ವ್ಯಾನನ್ನು ಕಂಡೆ. ಮೈಯೆಲ್ಲ ಕೆಂಪು, ಹಣೆ ಮಾತ್ರ ಮಾಸಿದ ನೀಲಿ. ಮೂರು ಗೆರೆ ಹಾಗೆಯೇ ಇವೆ, ಕುಂಕುಮ ಕಂದುಬಣ್ಣಕ್ಕೆ ತಿರುಗಿದೆ. ಕೋಳಿಮೊಟ್ಟೆಯ ವಾಸನೆಗೇ ಮೂಗು ಮುಚ್ಚುತ್ತಿದ್ದ ರುದ್ರಪ್ಪ ಕಾಕಾ ಅವರ ವ್ಯಾನು ಈಗ ವಿಭೂತಿ ಧರಿಸಿ ಬೆಳಗಾದರೆ ಬಂಗಡೆ ಮೀನು ಹೊರುತ್ತದೆ. ನಾನು ಪಕ್ಕದಲ್ಲಿ ಬಗ್ಗಿ, ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡಿದೆ. ಮೂರನೆಯ ಗೆರೆ ತುದಿಯಲ್ಲಿ ಸೊಟ್ಟಗಿತ್ತು.

ಡ್ರೈವರು ಇಳಿದು ಬಂದು ಏನು ನೋಡುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ. ಬಾಗಿಲಿನ ಬಣ್ಣ ಅಲ್ಲಲ್ಲಿ ಇಳಿದು ಗಟ್ಟಿಯಾಗಿದೆ, ಅದು ರಿಜೆಕ್ಟ್ ಎಂದೆ.

'ಮತ್ತೆ ಇದು?' ಎಂದು ಹಣೆ ತೋರಿಸಿದ.

ಅದು ಪಾಸಾಗಿ ಬಹಳ ವರ್ಷವಾಯಿತು ಎಂದೆ.